ಗೋಡೌನ್, ಡೆಲಿವರಿ ಹೊರಗಿನವರಿಗೆ ವಹಿಸ್ತಿದ್ದೀವಿ: ಟ್ಯಾಲಿ, ಇ-ವೇ ಬಿಲ್ ಲಾಗಿನ್ ಎಲ್ಲಾ ಕೇಳ್ತಿದ್ದಾರೆ, ಎಷ್ಟು ಕೊಡಬಹುದು?

ಪಿಬಿ_ರೋಡ್_ವರ್ತಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಪ್ಯಾಕ್ ಮಾಡಿದ ಅಡುಗೆ ಎಣ್ಣೆ, ಬೇಳೆಕಾಳು ಹೋಲ್‌ಸೇಲ್. ದಾವಣಗೆರೆ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಅಂಗಡಿಗಳಿಗೆ ಮಾಲು ಹೋಗುತ್ತೆ. ತಿಂಗಳಿಗೆ ಆರೇಳುನೂರು ಬಿಲ್. ಇದುವರೆಗೆ ಎಪಿಎಂಸಿ ಹತ್ತಿರ ನಮ್ಮದೇ ಗೋಡೌನ್ ಇತ್ತು. ಈಗ ಹೆದ್ದಾರಿ 48ರ ಬೈಪಾಸ್ ಕಡೆ ಇರುವ ಒಂದು ಲಾಜಿಸ್ಟಿಕ್ಸ್ ಕಂಪನಿಗೆ ದಾಸ್ತಾನು, ಲೋಡಿಂಗ್, ಡೆಲಿವರಿ ಮೂರನ್ನೂ ಕೊಡಬೇಕು ಅಂತ ಮಾತಾಗಿದೆ.

ಅವರು ಕೇಳ್ತಿರೋದು ಇಷ್ಟು. ರಾತ್ರಿ ಲೋಡಿಂಗ್ ಹೊತ್ತಿಗೆ ಬಿಲ್ ಹಾಕೋಕೆ ನಮ್ಮ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕಂಪ್ಯೂಟರ್‌ಗೆ ಎನಿಡೆಸ್ಕ್, ಅಂದ್ರೆ ದೂರದಿಂದಲೇ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್. ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿಯಲ್ಲಿ ಬೇಕಾದ ಆನ್‌ಲೈನ್ ಪತ್ರ) ಪೋರ್ಟಲ್‌ನ ಯೂಸರ್ ಐಡಿ, ಪಾಸ್‌ವರ್ಡ್. ಓಟಿಪಿ ಬಂದಾಗ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಸಾಕಂತೆ. ಡೀಲರ್‌ಗಳ ಪೂರ್ತಿ ಪಟ್ಟಿ: ಫೋನು, ಜಿಎಸ್‌ಟಿ ನಂಬರ್, ಬಾಕಿ ಸಮೇತ. ಆಮೇಲೆ ಡ್ರೈವರ್, ಡೀಲರ್, ನಾವು, ಅವರು ಎಲ್ಲಾ ಇರೋ ಒಂದು ವಾಟ್ಸಾಪ್ ಗುಂಪು, ಎಲ್‌ಆರ್ (ಲಾರಿ ರಸೀದಿ) ಕಾಪಿ, ಡೆಲಿವರಿ ಫೋಟೋ ಹಾಕೋಕೆ.

14 ಪುಟದ ಅಗ್ರಿಮೆಂಟ್ ಕಳಿಸಿದ್ದಾರೆ. ಅದರಲ್ಲಿ ಮಾಹಿತಿ ಬಗ್ಗೆ ಇರೋದು "ಎರಡೂ ಪಕ್ಷದವರು ಗೌಪ್ಯತೆ ಕಾಪಾಡತಕ್ಕದ್ದು" ಅನ್ನೋ ಒಂದೇ ಸಾಲು. ಆಡಿಟರ್ ಪಾಸ್‌ವರ್ಡ್ ಕೊಡಬೇಡಿ ಅಂದ್ರು, ಅದಕ್ಕೆ ಬದಲು ಏನು ಮಾಡಬೇಕು ಅಂತ ಹೇಳ್ಲಿಲ್ಲ. ನಮ್ಮಲ್ಲಿ ಐಟಿ ವಿಭಾಗ ಅಂತ ಏನಿಲ್ಲ, ಕಂಪ್ಯೂಟರ್ ಕೆಟ್ರೆ ಬಂದು ಫಾರ್ಮ್ಯಾಟ್ ಮಾಡಿ ಹೋಗುವ ಹುಡುಗ ಇದ್ದಾನೆ ಅಷ್ಟೇ. ಏನು ಕೊಡಬೇಕು, ಏನು ಕೊಡಬಾರದು? ಅವರ ಸಿಸ್ಟಮ್ ಹಬ್ಬದ ಮುಂಚೆ ಕೈಕೊಟ್ರೆ ನಮ್ಮ ಮಾಲು ಹೊರಗೆ ಬರೋದು ಹೇಗೆ?

---

ಲೆಕ್ಕದ_ಮೇಜು

ಮೊದಲು ಇ-ವೇ ಬಿಲ್, ಯಾಕಂದ್ರೆ ಅಲ್ಲಿ ಎಡವಟ್ಟಾದ್ರೆ ನೋಟಿಸ್ ಬರೋದು ನಿಮ್ಮ ಹೆಸರಿಗೆ.

ಮುಖ್ಯ ಲಾಗಿನ್ ಕೊಡಲೇಬೇಡಿ. 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಈ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಜೊತೆ ಓಟಿಪಿ ಕಡ್ಡಾಯ ಆಗಿದೆ. ಆ ಓಟಿಪಿಯನ್ನ ದಿನಾ ವಾಟ್ಸಾಪ್‌ನಲ್ಲಿ ಕಳಿಸ್ತಾ ಕೂತ್ರೆ ಅದು ಇದ್ದೂ ಇಲ್ಲದ ಹಾಗೆ. ಅಸಲಿಗೆ ಅವರಿಗೆ ನಿಮ್ಮ ಲಾಗಿನ್ ಬೇಕಾಗಿಯೇ ಇಲ್ಲ. ಪಾರ್ಟ್-ಎ, ಅಂದ್ರೆ ಬಿಲ್ ಮತ್ತು ಮಾಲಿನ ವಿವರ, ನೀವು ತುಂಬಿ, ಅದರಲ್ಲಿ ಅವರ 15 ಅಂಕಿಯ ಟ್ರಾನ್ಸ್‌ಪೋರ್ಟರ್ ಐಡಿ ಹಾಕಿ. ಪಾರ್ಟ್-ಬಿ, ಅಂದ್ರೆ ಗಾಡಿ ನಂಬರ್, ಅವರು ತಮ್ಮದೇ ಲಾಗಿನ್‌ನಿಂದ ತುಂಬ್ತಾರೆ. ಪಾರ್ಟ್-ಎ ಹಾಕಿದ ಮೇಲೆ ಪಾರ್ಟ್-ಬಿ ತುಂಬೋಕೆ 15 ದಿನ ಅವಕಾಶ ಇದೆ, ವ್ಯಾಲಿಡಿಟಿ ಲೆಕ್ಕ ಶುರುವಾಗೋದೇ ಪಾರ್ಟ್-ಬಿ ತುಂಬಿದ ಮೇಲೆ. ಹಾಗಾಗಿ ಸಂಜೆ ಆರಕ್ಕೆ ನಿಮ್ಮ ಆಫೀಸಲ್ಲೇ ಬಿಲ್, ಪಾರ್ಟ್-ಎ ಮುಗಿಸಿಟ್ರೆ ರಾತ್ರಿ ಎಷ್ಟು ಹೊತ್ತಿಗಾದ್ರೂ ಅವರು ಗಾಡಿ ಹಾಕ್ಕೊಳ್ಳಲಿ. "ರಾತ್ರಿ ಬಿಲ್ ಹಾಕಬೇಕು, ಅದಕ್ಕೆ ಲಾಗಿನ್ ಬೇಕು" ಅನ್ನೋ ವಾದ ಅಲ್ಲಿಗೆ ಮುಗೀತು.

ಅಷ್ಟಾದ ಮೇಲೂ ಗೋಡೌನ್‌ನಿಂದಲೇ ಪಾರ್ಟ್-ಎ ಹಾಕಬೇಕಾದ ಸಂದರ್ಭ ಇದ್ರೆ, ಯೂಸರ್ ಮ್ಯಾನೇಜ್‌ಮೆಂಟ್ ಮೆನುವಿನಲ್ಲಿ ಸಬ್-ಯೂಸರ್ ಮಾಡಿ. ಒಬ್ಬ ಮನುಷ್ಯನಿಗೆ ಒಂದು ಸಬ್-ಯೂಸರ್, ಅವನದೇ ಮೊಬೈಲ್ ನಂಬರ್. ಓಟಿಪಿ ಅವನಿಗೇ ಹೋಗುತ್ತೆ. ಯಾವ ಕೆಲಸಕ್ಕೆ ಅನುಮತಿ ಅಂತ ಅಲ್ಲೇ ಟಿಕ್ ಮಾಡಬಹುದು, ಬೇಕಾದಷ್ಟಕ್ಕೆ ಮಾತ್ರ ಮಾಡಿ. ಅವನು ಕೆಲಸ ಬಿಟ್ಟ ದಿನವೇ ಅದೇ ಮೆನುವಿನಿಂದ ಫ್ರೀಜ್ ಮಾಡಿ.

ಲಾಗಿನ್ ಕೈ ತಪ್ಪಿದ್ರೆ ಆಗೋದೇನು ಅಂದ್ರೆ, ನಿಮ್ಮದಲ್ಲದ ಮಾಲಿಗೆ ನಿಮ್ಮ ಜಿಎಸ್‌ಟಿ ನಂಬರ್ ಮೇಲೆ ಇ-ವೇ ಬಿಲ್ ಹುಟ್ಟುತ್ತೆ. ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ಆ ಮಾರಾಟ ಇರಲ್ಲ, ಇ-ವೇ ಬಿಲ್ ಡೇಟಾದಲ್ಲಿ ಇರುತ್ತೆ. ತಿಂಗಳುಗಳು ಕಳೆದ ಮೇಲೆ ಈ ವ್ಯತ್ಯಾಸಕ್ಕೆ ವಿವರಣೆ ಕೊಡಿ ಅಂತ ಪತ್ರ ಬರುತ್ತೆ. ಇ-ವೇ ಬಿಲ್ ರದ್ದು ಮಾಡೋಕೆ ಇರೋದು 24 ಗಂಟೆ, ಅದೂ ದಾರಿಯಲ್ಲಿ ಅಧಿಕಾರಿ ಪರಿಶೀಲನೆ ಮಾಡಿಲ್ಲದಿದ್ರೆ ಮಾತ್ರ. ಬೇರೆಯವರು ನಿಮ್ಮನ್ನ ಖರೀದಿದಾರ ಅಂತ ತೋರಿಸಿ ಹಾಕಿದ್ದಕ್ಕೆ ತಿರಸ್ಕರಿಸೋಕೆ 72 ಗಂಟೆ. ಆದ್ದರಿಂದ ಔಟ್‌ವರ್ಡ್ ರಿಪೋರ್ಟ್ ತೆಗೆದು ಟ್ಯಾಲಿಯ ಡೇ ಬುಕ್ ಜೊತೆ ತಾಳೆ ನೋಡೋದು ದಿನಾ ಸಂಜೆ ಆಗಬೇಕು. ವಾರಕ್ಕೊಮ್ಮೆ ನೋಡಿದ್ರೆ ತಪ್ಪು ಕಾಣುತ್ತೆ, ಸರಿಪಡಿಸೋ ಬಾಗಿಲು ಮುಚ್ಚಿರುತ್ತೆ.

ಇನ್ನೊಂದು, ಬಹಳ ಕಡೆ ಜಿಎಸ್‌ಟಿ ನೋಂದಣಿಯಲ್ಲಿ ಇರೋ ಮೊಬೈಲ್ ನಂಬರ್ ಮಾಲೀಕರದ್ದಲ್ಲ, ಹಿಂದಿನ ಟ್ಯಾಕ್ಸ್ ಪ್ರಾಕ್ಟೀಷನರ್‌ದು. ನಿಮ್ಮದು ಯಾರ ನಂಬರ್ ಅಂತ ಇವತ್ತೇ ನೋಡಿ. ತಿದ್ದುಪಡಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆಗಬೇಕು, ಆಮೇಲೆ ಇ-ವೇ ಪೋರ್ಟಲ್‌ನಲ್ಲಿ ಅಪ್‌ಡೇಟ್ ಕೊಡಬೇಕು. ಹಾಗೇ ಹೊಸ ಗೋಡೌನ್ ವಿಳಾಸವನ್ನ ಹೆಚ್ಚುವರಿ ವ್ಯವಹಾರ ಸ್ಥಳ ಅಂತ ಸೇರಿಸೋದು ಮರೀಬೇಡಿ.

ಇನ್ನು ಎನಿಡೆಸ್ಕ್. ಟ್ಯಾಲಿ ತೋರಿಸೋಕೆ ಅಂತ ಎನಿಡೆಸ್ಕ್ ಕೊಡೋದು, ಕೌಂಟರ್‌ನಲ್ಲಿ ಚಿಲ್ಲರೆ ಕೇಳಿದವನಿಗೆ ತಿಜೋರಿ ಕೀಲಿ ಕೊಟ್ಟ ಹಾಗೆ. ಆ ಕಂಪ್ಯೂಟರ್‌ನಲ್ಲಿ ಕ್ರೋಮ್‌ಗೆ ಸೇವ್ ಮಾಡಿರೋ ಬ್ಯಾಂಕ್ ಲಾಗಿನ್, ಮೇಲ್, ವಾಟ್ಸಾಪ್ ವೆಬ್, ಡೆಸ್ಕ್‌ಟಾಪ್ ಮೇಲಿರೋ ಪಾನ್-ಆಧಾರ್ ಸ್ಕ್ಯಾನ್ ಎಲ್ಲಾ ಅವರಿಗೆ ಸಿಗುತ್ತೆ. ಅನ್‌ಅಟೆಂಡೆಡ್ ಪಾಸ್‌ವರ್ಡ್ ಹಾಕಿಟ್ರೆ ನೀವು ಇಲ್ಲದ ಹೊತ್ತಲ್ಲೂ ಸಿಗುತ್ತೆ. ಎನಿಡೆಸ್ಕ್ ಕಂಪನಿಯ ಸರ್ವರ್‌ಗಳಿಗೇ 2024ರಲ್ಲಿ ಕನ್ನ ಬಿದ್ದು, ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸಿ ಅಂತ ಹೇಳಿದ್ರು.

ಗೋಡೌನ್‌ಗೆ ಟ್ಯಾಲಿ ಯಾಕೆ ಬೇಕು? ಮಾಲು ತೆಗೆಯೋಕೆ ಬೇಕಾಗಿರೋದು ಆರ್ಡರ್ ನಂಬರ್, ಐಟಂ, ಬ್ಯಾಚ್, ಬಾಕ್ಸ್ ಎಷ್ಟು, ಯಾವ ಊರು, ಯಾವ ಅಂಗಡಿ. ಇಷ್ಟನ್ನ ಎಕ್ಸೆಲ್‌ಗೆ ತೆಗೆದು ದಿನಕ್ಕೆ ಎರಡು ಸಲ, ಮಧ್ಯಾಹ್ನ ಒಂದು, ಸಂಜೆ ಒಂದು ಕಳಿಸಿ. ದರ ಬೇಡ, ಬಾಕಿ ಬೇಡ. ಬಾಕಿ ಯಾಕೆ ಬೇಕು ಅಂತ ಅವರನ್ನೇ ಕೇಳಿ ನೋಡಿ, ಉತ್ತರ ಇರಲ್ಲ.

ಕೊಡಲೇಬೇಕು ಅಂತಾದ್ರೆ ಟ್ಯಾಲಿಪ್ರೈಮ್‌ನಲ್ಲಿ ಕಂಪನಿಯ ಬಳಕೆದಾರ ನಿಯಂತ್ರಣ ಆನ್ ಮಾಡಿ, ಯೂಸರ್ ರೋಲ್ಸ್‌ನಲ್ಲಿ "ಗೋಡೌನ್" ಅಂತ ಹೊಸ ರೋಲ್ ಮಾಡಿ. ಡೆಲಿವರಿ ನೋಟ್ ಹಾಕೋಕೆ, ಸ್ಟಾಕ್ ಸಮ್ಮರಿ ನೋಡೋಕೆ ಮಾತ್ರ ಬಿಡಿ. ಲೆಡ್ಜರ್, ಬ್ಯಾಕ್‌ಡೇಟ್ ಎಂಟ್ರಿ, ಎಕ್ಸ್‌ಪೋರ್ಟ್ ಬಂದ್. ಆ ರೋಲ್ ಬಳಸೋಕೆ ಬೇರೆಯೇ ಒಂದು ಹಳೇ ಕಂಪ್ಯೂಟರ್ ಇಡಿ, ಅದರಲ್ಲಿ ಮೇಲ್, ಬ್ಯಾಂಕ್ ಏನೂ ಬೇಡ. ಎನಿಡೆಸ್ಕ್‌ನಲ್ಲಿ ಅನ್‌ಅಟೆಂಡೆಡ್ ಆಫ್, ಫೈಲ್ ಟ್ರಾನ್ಸ್‌ಫರ್ ಆಫ್, ಕ್ಲಿಪ್‌ಬೋರ್ಡ್ ಆಫ್, ಅವರ ಐಡಿ ಒಂದನ್ನೇ ಪಟ್ಟಿಗೆ ಸೇರಿಸಿ ಬೇರೆಲ್ಲ ತಡೆಯಿರಿ.

ಯಾರಾದ್ರೂ "ಸ್ಟ್ಯಾಟಿಕ್ ಐಪಿ ತಗೊಳ್ಳಿ, ರಿಮೋಟ್ ಡೆಸ್ಕ್‌ಟಾಪ್ ಓಪನ್ ಮಾಡಿಕೊಡ್ತೀನಿ" ಅಂದ್ರೆ ಬೇಡ ಅನ್ನಿ. ಅದು ಬಳಸೋ 3389 ಪೋರ್ಟ್ ಇಂಟರ್ನೆಟ್‌ಗೆ ತೆರೆದಿಟ್ಟ ಕಂಪ್ಯೂಟರನ್ನ ಹುಡುಕೋ ಸ್ಕ್ಯಾನರ್‌ಗಳು ಹಗಲು ರಾತ್ರಿ ಓಡ್ತಾನೇ ಇರ್ತವೆ. ಪೋರ್ಟ್ ನಂಬರ್ ಬದಲಿಸಿದ್ರೂ ಸಿಕ್ಕಿಬೀಳುತ್ತೆ. ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಒಳಗೆ ಬರುವ ಹಳೇ ಹಾದಿ ಇದು.

---

ಕೋಟೆನಾಡು_ನೆಟ್‌ವರ್ಕ್ (ಚಿತ್ರದುರ್ಗ)

ಲಾಗಿನ್ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಗೋಡೌನ್ ಒಳಗಿನ ಮಾತು ಹೇಳ್ತೀನಿ. ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಒಂದು ಅರ್ಧ ದಿನ ಅಲ್ಲಿಗೆ ಹೋಗಿ, ಕಾಗದ ಪತ್ರ ಪಕ್ಕಕ್ಕಿಟ್ಟು ಸುಮ್ಮನೆ ಓಡಾಡಿ.

ಡಿಸ್ಪ್ಯಾಚ್ ಮೇಜಿನ ಮುಂದೆ ನಿಲ್ಲಿ. ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ್ದಾರಾ? ಲಾಗಿನ್ ಹೆಸರು "ಗೋಡೌನ್1" ಅಂತ ಇದ್ದು ಮೂರು ಶಿಫ್ಟ್‌ನವರೂ ಅದನ್ನೇ ಬಳಸ್ತಾರಾ? ಹಾಗಿದ್ರೆ ನಾಳೆ 40 ಬಾಕ್ಸ್ ಎಣ್ಣೆ ಸ್ಟಾಕ್‌ನಿಂದ ಇಳಿಸಿದ್ದು ಯಾರು ಅಂತ ದೇವರಾಣೆಗೂ ಗೊತ್ತಾಗಲ್ಲ. ವಿಂಡೋಸ್ ಯಾವುದು ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಲೇಬಲ್ ಪ್ರಿಂಟರ್‌ಗೆ ಅಂತ ಇಟ್ಟಿರೋ ಹಳೇ ವಿಂಡೋಸ್ 7 ಯಂತ್ರಗಳೂ ಗೋಡೌನ್‌ಗಳಲ್ಲಿ ಕಡಿಮೆ ಏನಿಲ್ಲ.

ವೈಫೈ ಎಷ್ಟಿದೆ ನೋಡಿ. ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್, ಸಿಸಿಟಿವಿಯ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ), ಡ್ರೈವರ್‌ಗಳ ಫೋನು, ಆಫೀಸ್ ಕಂಪ್ಯೂಟರ್ ಎಲ್ಲಾ ಒಂದೇ ವೈಫೈಗೆ, ಒಂದೇ ಪಾಸ್‌ವರ್ಡ್‌ಗೆ ಜೋತು ಬಿದ್ದಿದ್ರೆ ಅದು ದೊಡ್ಡ ದೋಷ. ಡಿವಿಆರ್‌ಗಳು ಕಂಪನಿಯಿಂದ ಬಂದ ಪಾಸ್‌ವರ್ಡ್‌ನಲ್ಲೇ ವರ್ಷಗಟ್ಟಲೆ ಓಡ್ತವೆ. ಮಾಲೀಕರು ಮನೆಯಿಂದ ಕ್ಯಾಮೆರಾ ನೋಡ್ಲಿ ಅಂತ ರೂಟರ್‌ನಲ್ಲಿ ಪೋರ್ಟ್ ತೆರೆದಿರ್ತಾರೆ. ಅಲ್ಲಿಂದ ಒಳಗೆ ಬಂದವನಿಗೆ ಪಕ್ಕದಲ್ಲೇ ಸ್ಟಾಕ್ ಸರ್ವರ್. ಕನಿಷ್ಠ ಮೂರು ಭಾಗ ಆಗಬೇಕು: ಸ್ಕ್ಯಾನರ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಒಂದು, ಕ್ಯಾಮೆರಾ ಒಂದು, ಬಂದುಹೋಗುವವರ ಫೋನಿಗೆ ಒಂದು. ವಿಎಲ್‌ಎಎನ್ (ಒಂದೇ ನೆಟ್‌ವರ್ಕನ್ನ ಬೇರೆ ಬೇರೆ ಭಾಗ ಮಾಡೋ ಸೌಲಭ್ಯ) ಬರುವ ಸಾಧಾರಣ ಸ್ವಿಚ್ ಮತ್ತು ರೂಟರ್‌ನಲ್ಲೇ ಇದು ಆಗುತ್ತೆ, ದೊಡ್ಡ ಖರ್ಚಿಲ್ಲ.

ಬ್ಯಾಕಪ್ ಬಗ್ಗೆ "ದಿನಾ ಆಗುತ್ತೆ ಸಾರ್" ಅಂತಾರೆ. ಎಲ್ಲಿಗೆ ಅಂತ ಕೇಳಿ. ಸರ್ವರ್‌ನಲ್ಲೇ ಇರೋ ಡಿ ಡ್ರೈವ್‌ಗೆ, ಅಥವಾ ಯಾವಾಗಲೂ ಚುಚ್ಚೇ ಇರೋ ಯುಎಸ್‌ಬಿ ಡಿಸ್ಕ್‌ಗೆ ಅಂದ್ರೆ ಅದು ಬ್ಯಾಕಪ್ ಲೆಕ್ಕಕ್ಕಿಲ್ಲ. ರ‍್ಯಾನ್ಸಮ್‌ವೇರ್ ಓಡುವಾಗ ಆ ಯಂತ್ರಕ್ಕೆ ಕಾಣೋ ಪ್ರತಿ ಡ್ರೈವ್ ಅಕ್ಷರವನ್ನೂ, ನೆಟ್‌ವರ್ಕ್ ಫೋಲ್ಡರ್‌ನೂ ಲಾಕ್ ಮಾಡುತ್ತೆ. ಎರಡು ಡಿಸ್ಕ್ ಇರಲಿ, ದಿನ ಬಿಟ್ಟು ದಿನ ಬದಲಿಸಲಿ, ಒಂದು ಯಾವಾಗಲೂ ವೈರ್ ಕಳಚಿ ಬೀರುವಲ್ಲಿರಲಿ, ಜೊತೆಗೆ ಬೇರೆ ಜಾಗದಲ್ಲಿ ಒಂದು ಪ್ರತಿ. ಆಮೇಲೆ ನಿಮ್ಮೆದುರಿಗೇ ನಿನ್ನೆಯ ಬ್ಯಾಕಪ್‌ನಿಂದ ಸ್ಟಾಕ್ ಪಟ್ಟಿಯನ್ನ ಬೇರೊಂದು ಕಂಪ್ಯೂಟರ್‌ಗೆ ತಂದು ತೋರಿಸಿ ಅನ್ನಿ. ಎಷ್ಟು ನಿಮಿಷ ಆಯ್ತು ಅಂತ ಬರ್ಕೊಳ್ಳಿ. ತೋರಿಸೋಕೆ ಮೀನಮೇಷ ಎಣಿಸಿದ್ರೆ ಅಲ್ಲೇ ಉತ್ತರ ಸಿಕ್ತು.

ಇದು ಹೆದರಿಸೋ ಮಾತಲ್ಲ. 2021ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಬಕ್ಕರ್ ಲಾಜಿಸ್ಟೀಕ್ ಅನ್ನೋ ಗೋಡೌನ್-ಸಾಗಣೆ ಕಂಪನಿಗೆ ರ‍್ಯಾನ್ಸಮ್‌ವೇರ್ ಬಿತ್ತು. ಮಾಲು ಎಲ್ಲಾ ಒಳಗೇ ಇತ್ತು, ಆದರೆ ಯಾವ ರ‍್ಯಾಕ್‌ನಲ್ಲಿ ಏನಿದೆ ಅನ್ನೋದು ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತಿತ್ತು. ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಆಲ್ಬರ್ಟ್ ಹೈನ್‌ನಲ್ಲಿ ಪ್ಯಾಕ್ ಮಾಡಿದ ಚೀಸ್ ಸಿಗದಂಗಾಯ್ತು. ಸೂಪರ್‌ಮಾರ್ಕೆಟ್‌ನ ಕಂಪ್ಯೂಟರ್‌ಗಳಿಗೆ ಏನೂ ಆಗಿರಲಿಲ್ಲ ಅನ್ನೋದನ್ನ ಗಮನಿಸಿ. ಅದಕ್ಕೇ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ರ‍್ಯಾಕ್ ವಿಳಾಸ ಸಮೇತ ಸ್ಟಾಕ್ ಪಟ್ಟಿ ದಿನಾ ನಿಮ್ಮ ಕೈಗೆ ಬರಬೇಕು. "ಸೂರ್ಯಕಾಂತಿ ಎಣ್ಣೆ 1 ಲೀಟರ್, 320 ಬಾಕ್ಸ್" ಅಂತಷ್ಟೇ ಇದ್ರೆ ಸಾಲದು. "ಎ ಸಾಲು, 3ನೇ ಅಂಕಣ, 2ನೇ ಅಂತಸ್ತು, ಬ್ಯಾಚ್ ಇಂಥದ್ದು, ಅವಧಿ ಮುಗಿಯೋದು ಇಂಥ ತಿಂಗಳು, 48 ಬಾಕ್ಸ್" ಅಂತಿರಬೇಕು. ರಾತ್ರಿ ಎಂಟಕ್ಕೆ ಮೇಲ್‌ಗೆ ಸಿಎಸ್‌ವಿ ಫೈಲ್, ನಿಮ್ಮ ಕಡೆ ಮೂವತ್ತು ದಿನದ್ದು ಉಳಿಸಿಡಿ. ಸಿಎಸ್‌ವಿ ಯಾಕಂದ್ರೆ ಅದರಲ್ಲಿ ಮ್ಯಾಕ್ರೋ (ಫೈಲ್ ಒಳಗೇ ಅಡಗಿರೋ ಪುಟ್ಟ ಪ್ರೋಗ್ರಾಂ) ಬರಲ್ಲ. ಎಕ್ಸೆಲ್ ಬಂದು "ಎನೇಬಲ್ ಕಂಟೆಂಟ್" ಅಂತ ಹಳದಿ ಪಟ್ಟಿ ಕೇಳಿದ್ರೆ ಒತ್ತಬಾರದು ಅಂತ ಹುಡುಗರಿಗೆ ಹೇಳಿಡಿ.

ಕೊನೇದಾಗಿ ಡೆಲಿವರಿ ಟ್ರ್ಯಾಕಿಂಗ್ ಲಿಂಕ್. ಡೀಲರ್‌ಗೆ ಎಸ್‌ಎಂಎಸ್‌ನಲ್ಲಿ ಹೋಗೋ ಲಿಂಕ್‌ನ ಕೊನೆಯಲ್ಲಿ ಬರೀ ಕ್ರಮಸಂಖ್ಯೆ, ಉದಾಹರಣೆಗೆ 4471, ಇದ್ರೆ ಅನುಮಾನ ಪಡಿ. 4472 ಅಂತ ಬದಲಿಸಿದವನಿಗೆ ಪಕ್ಕದ ಅಂಗಡಿಯ ಬಿಲ್, ಫೋನ್ ನಂಬರ್, ಸಹಿ ಕಾಣಬಹುದು. ನಿಮ್ಮ ಪ್ರತಿಸ್ಪರ್ಧಿಯ ಮಾಲೂ ಅದೇ ಗೋಡೌನ್‌ನಲ್ಲಿ ಇರುತ್ತಲ್ಲ. ಪರೀಕ್ಷೆ ಮಾಡೋದಾದ್ರೆ ಅವರಿಂದ ಲಿಖಿತ ಒಪ್ಪಿಗೆ ತಗೊಂಡು, ನಿಮ್ಮದೇ ಎರಡು ಆರ್ಡರ್ ಇಟ್ಕೊಂಡು, ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿ. ಬೇರೆಯವರ ನಂಬರ್ ಹಾಕಿ ಇಣುಕಿದ್ರೆ ಐಟಿ ಕಾಯ್ದೆ ನಿಮ್ಮ ಮೇಲೇ ಬರುತ್ತೆ.

---

ಬಿಲ್ಟಿ_ಬುಕ್

ಕಂಪ್ಯೂಟರ್ ಕಥೆ ಎಲ್ಲಾ ಸರಿ, ಆದರೆ ಈ ವ್ಯಾಪಾರದಲ್ಲಿ ಮಾಹಿತಿ ಸೋರಿದ್ರೆ ಕೊನೆಗೆ ಹೋಗೋದು ಮಾಲು ಇಲ್ಲಾ ದುಡ್ಡು. ಅದನ್ನ ಯಾರೂ ಹೇಳಿಲ್ಲ.

ನಾಳೆ ಯಾವ ಲೋಡು, ಎಷ್ಟು ಟನ್, ಯಾವ ಊರಿಗೆ ಅಂತ ಗೊತ್ತಾದವನು ಟ್ರಾನ್ಸ್‌ಪೋರ್ಟ್‌ನವರ ಹೆಸರಲ್ಲಿ ಫೋನ್ ಮಾಡಿ "ಗಾಡಿ ಬದಲಾಗಿದೆ, ಈ ನಂಬರ್ ಬರುತ್ತೆ" ಅಂತಾನೆ. ಗಾಡಿ ಬರುತ್ತೆ, ಲೋಡ್ ಆಗುತ್ತೆ, ಹೋಗುತ್ತೆ. ಅದಕ್ಕೆ ಗೇಟಿನಲ್ಲಿ ನಿಯಮ ಹೀಗಿರಲಿ: ಪಾರ್ಟ್-ಬಿಯಲ್ಲಿರೋ ನಂಬರೂ ನಂಬರ್ ಪ್ಲೇಟೂ ಒಂದೇ ಆಗದೆ ಲೋಡಿಂಗ್ ಶುರುವಾಗಬಾರದು. ಗಾಡಿ ಬದಲಾದ್ರೆ, ಸುದ್ದಿ ಬಂದ ನಂಬರ್‌ಗೆ ವಾಪಸ್ ಮಾತಾಡಬೇಡಿ. ಅಗ್ರಿಮೆಂಟ್‌ನ ಹಿಂದೆ ಬರೆದಿಟ್ಟ ಇಬ್ಬರ ನಂಬರ್‌ನಲ್ಲಿ ಒಂದಕ್ಕೆ ನೀವೇ ಫೋನ್ ಹಚ್ಚಿ. ಎಂಪರಿವಾಹನ್‌ನಲ್ಲಿ ಗಾಡಿಯ ಮಾದರಿ, ಫಿಟ್‌ನೆಸ್, ವಿಮೆ ನೋಡಿ. ಹತ್ತು ಚಕ್ರದ ಲಾರಿ ಎದುರಿಗೆ ನಿಂತಿದ್ದು ಆ್ಯಪ್‌ನಲ್ಲಿ ಪಿಕಪ್ ಅಂತ ತೋರಿಸಿದ್ರೆ ಅಲ್ಲೇ ನಿಲ್ಲಿಸಿ. ಡ್ರೈವರ್ ಡಿಎಲ್‌ನ ಜೆರಾಕ್ಸ್ ನಂಬಬೇಡಿ, ಅವನ ಫೋನಿನ ಡಿಜಿಲಾಕರ್ ತೆರೆಸಿ. ಪ್ರತಿ ಲೋಡಿಗೆ ನಿಮ್ಮ ಆಫೀಸಿಂದ ನಾಲ್ಕಂಕಿಯ ಒಂದು ಕೋಡ್ ಟ್ರಾನ್ಸ್‌ಪೋರ್ಟ್‌ನ ಆಫೀಸಿಗೆ ಫೋನಲ್ಲಿ ಹೇಳಿ. ಡ್ರೈವರ್ ಅದನ್ನ ಗೇಟಲ್ಲಿ ಹೇಳಬೇಕು. ವಾಟ್ಸಾಪ್ ಗುಂಪಿಗೆ ಹಾಕಿದ್ರೆ ಆ ಕೋಡ್ ಸತ್ತ ಹಾಗೆ.

ಬಾಡಿಗೆ ಬಿಲ್ ದುಡ್ಡಿನ ಮೋಸ ಇನ್ನೂ ಸಲೀಸು. "ನಮ್ಮ ಖಾತೆ ಬದಲಾಗಿದೆ, ಈ ತಿಂಗಳಿಂದ ಇಲ್ಲಿಗೆ ಹಾಕಿ" ಅಂತ ಲೆಟರ್‌ಹೆಡ್‌ನಲ್ಲೇ ಮೇಲ್ ಬರುತ್ತೆ. ಮೇಲ್ ವಿಳಾಸದಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರುತ್ತೆ, ಇಲ್ಲಾ ಅವರದೇ ಅಸಲಿ ಮೇಲ್ ಬೇರೆಯವನ ಕೈಲಿರುತ್ತೆ. ಎರಡನೇದನ್ನ ವಿಳಾಸ ನೋಡಿ ಹಿಡಿಯೋಕೆ ಆಗಲ್ಲ. ಹಳೇ ನಂಬರ್‌ಗೆ ಫೋನ್, ಕ್ಯಾನ್ಸಲ್ ಮಾಡಿದ ಚೆಕ್ಕಿನ ಮೂಲಪ್ರತಿ ಕೈಗೆ, ₹1 ಹಾಕಿ ಬಂತಾ ಅಂತ ಕೇಳೋದು, ಮೂರು ದಿನ ಕಾಯೋದು. ಇಷ್ಟಾಗದೆ ಖಾತೆ ಬದಲಿಲ್ಲ ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ಹೋಗೇಬಿಟ್ಟಿದ್ರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ಬ್ಯಾಂಕ್ ಮ್ಯಾನೇಜರ್‌ನ ಹುಡುಕ್ಕೊಂಡು ಹೋಗೋದು ಆಮೇಲೆ, ದುಡ್ಡು ಮುಂದಿನ ಖಾತೆಗೆ ದಾಟೋ ಮುಂಚೆ ತಡೆಯೋದು ಮುಖ್ಯ.

ವಾಟ್ಸಾಪ್ ಗುಂಪು: ಗುಂಪಿನಲ್ಲಿದ್ದವರಿಗೆಲ್ಲ ಎಲ್ಲರ ನಂಬರ್ ಕಾಣುತ್ತೆ. ಡ್ರೈವರ್ ಮತ್ತು ಡೀಲರ್ ಒಂದೇ ಗುಂಪಲ್ಲಿದ್ರೆ ನೀವು ವರ್ಷಾನುಗಟ್ಟಲೆ ಕಟ್ಟಿದ ಗಿರಾಕಿ ಪಟ್ಟಿಯನ್ನ ಪುಕ್ಕಟೆ ಹಂಚಿದಂಗೆ. ಡ್ರೈವರ್‌ಗಳದ್ದು ಬೇರೆ, ಡೀಲರ್‌ಗಳಿಗೆ ಬ್ರಾಡ್‌ಕಾಸ್ಟ್. ಗೋಡೌನ್ ಕಂಪ್ಯೂಟರ್‌ನಲ್ಲಿ ಯಾರದೋ ಫೋನಿನ ವಾಟ್ಸಾಪ್ ವೆಬ್ ತಿಂಗಳುಗಟ್ಟಲೆ ತೆರೆದೇ ಇರುತ್ತೆ. ಫೋನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ನೋಡಿ, ಗೊತ್ತಿಲ್ಲದ್ದನ್ನ ಲಾಗೌಟ್ ಮಾಡಿ.

ಡ್ರೈವರ್ ಗುಂಪುಗಳಲ್ಲಿ "ಆರ್‌ಟಿಒ ಚಲನ್" ಅಂತ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲ್ ಓಡಾಡುತ್ತೆ. ಒತ್ತಿದ್ರೆ ಎಸ್‌ಎಂಎಸ್ ಓದೋ ಅನುಮತಿ ಕೇಳುತ್ತೆ, ಕೊಟ್ರೆ ಆ ಫೋನಿಗೆ ಬರೋ ಓಟಿಪಿಗಳೆಲ್ಲ ಕಳ್ಳನಿಗೂ ಹೋಗ್ತವೆ, ಅದೇ ಫೈಲ್ ಆ ಫೋನಿಂದ ಮಿಕ್ಕ ಗುಂಪುಗಳಿಗೂ ಹೋಗುತ್ತೆ. ಅಸಲಿ ಚಲನ್ ಯಾವತ್ತೂ ಎಪಿಕೆ ಆಗಿ ಬರಲ್ಲ. ಸಬ್-ಯೂಸರ್ ಓಟಿಪಿ ಬರೋ ಫೋನು ಡ್ರೈವರ್ ಗುಂಪಲ್ಲಿ ಇರಲೇಬಾರದು.

---

ಪಿಬಿ_ರೋಡ್_ವರ್ತಕ (ದಾವಣಗೆರೆ)

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ. ಜಿಎಸ್‌ಟಿಯಲ್ಲಿ ನಂಬರ್ ನೋಡಿದೆ, ನಮ್ಮ ಹಳೇ ಅಕೌಂಟೆಂಟ್‌ದೇ ಇದೆ! ಅದು ಮೊದಲು ಸರಿ ಮಾಡಿಸ್ತೀವಿ.

ಕಂಪನಿಯವರಿಗೆ ಇದನ್ನೆಲ್ಲ ಕೇಳಿದ್ದಕ್ಕೆ "ನಮಗೆ ಐಎಸ್‌ಒ 27001 ಇದೆ, ದೊಡ್ಡ ದೊಡ್ಡ ಬ್ರ್ಯಾಂಡ್ ನಮ್ಮಲ್ಲಿವೆ, ಇದನ್ನೆಲ್ಲ ಯಾರೂ ಕೇಳಿಲ್ಲ" ಅಂತ ಮುಖ ಸಪ್ಪಗೆ ಮಾಡಿದ್ರು. ಮಾಹಿತಿ ಸುರಕ್ಷತೆಯ ಆ ಸರ್ಟಿಫಿಕೇಟ್ ಇದ್ರೆ ಸಾಕಾ? ಅಗ್ರಿಮೆಂಟ್‌ನಲ್ಲಿ ಏನು ಬರೆಸಲಿ?

---

ಷರತ್ತು_ಅನ್ವಯ

ಸರ್ಟಿಫಿಕೇಟ್ ಪ್ರತಿ ತರಿಸಿ ಎರಡು ಜಾಗ ನೋಡಿ. ಒಂದು, ಅದರ ವ್ಯಾಪ್ತಿ ಅಂತ ಬರೆದಿರೋ ಸಾಲು. ಬೆಂಗಳೂರಿನ ಹೆಡ್ ಆಫೀಸಿನ ಸಾಫ್ಟ್‌ವೇರ್ ವಿಭಾಗಕ್ಕೆ ಮಾತ್ರ ಅಂತಿದ್ರೆ ಬೈಪಾಸ್ ಗೋಡೌನ್‌ಗೂ ಅದಕ್ಕೂ ಸಂಬಂಧವಿಲ್ಲ. ಎರಡು, ಆವೃತ್ತಿ. 2013ರ ಆವೃತ್ತಿಯಿಂದ 2022ರದಕ್ಕೆ ಬದಲಾಗುವ ಗಡುವು 2025ರ ಅಕ್ಟೋಬರ್ 31ಕ್ಕೆ ಮುಗಿದಿದೆ. 27001:2013 ಅಂತಿದ್ರೆ ಅದು ಈಗ ಗೋಡೆಗೆ ಅಲಂಕಾರ. ಎರಡೂ ಸರಿಯಿದ್ರೆ ಒಳ್ಳೇದೇ, ಆದರೂ ಕೋಟೆನಾಡು ಅವರು ಹೇಳಿದ ಬ್ಯಾಕಪ್ ಪರೀಕ್ಷೆ ಬಿಡಬೇಡಿ. ಇಂಗ್ಲೆಂಡಿನ ಕೆಎನ್‌ಪಿ ಅನ್ನೋ 158 ವರ್ಷ ಹಳೇ ಸಾಗಣೆ ಕಂಪನಿ, ಸುಮಾರು 500 ಲಾರಿ ಇದ್ದದ್ದು, ಐಟಿ ಮಾನದಂಡ ಪಾಲಿಸ್ತಿದ್ದೆವು, ಸೈಬರ್ ವಿಮೆಯೂ ಇತ್ತು ಅಂತ ಹೇಳಿಕೊಂಡಿತ್ತು. 2023ರಲ್ಲಿ ಒಬ್ಬ ನೌಕರನ ಸುಲಭದ ಪಾಸ್‌ವರ್ಡ್ ಊಹಿಸಿ ಒಳಗೆ ಬಂದರು ಅನ್ನಲಾಗುತ್ತೆ. ಕಂಪನಿ ಮುಚ್ಚಿತು, 700 ಜನರ ಕೆಲಸ ಹೋಯ್ತು.

ಅಗ್ರಿಮೆಂಟ್‌ಗೆ ಒಂದು ಅನುಬಂಧ ಸೇರಿಸಿ, ಎರಡು ಪುಟ ಸಾಕು. "ಸೂಕ್ತ ಕ್ರಮ" ಅಂತ ಎಲ್ಲೂ ಬರೀಬೇಡಿ, ಗಂಟೆ ಮತ್ತು ದಿನ ಬರೀರಿ. ಅವರಲ್ಲಿ ಸೈಬರ್ ದಾಳಿ ಗೊತ್ತಾದ್ರೆ ನಿಮಗೆ 4 ಗಂಟೆಯೊಳಗೆ ಫೋನ್ ಮತ್ತು ಮೇಲ್. ನಾಲ್ಕೇ ಯಾಕಂದ್ರೆ, ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಆಗಬೇಕು, ನಿಮ್ಮ ಕಂಪ್ಯೂಟರ್‌ಗೂ ತಾಗಿದ್ರೆ ನೀವೂ ವರದಿ ಕೊಡಬೇಕಾಗುತ್ತೆ. ಲಾಗ್‌ಗಳನ್ನ 180 ದಿನ ಇಡೋದು ಅದೇ ನಿರ್ದೇಶನದಲ್ಲಿದೆ, ಅದನ್ನೂ ಬರೆಸಿ. ಕೆಲಸ ಬಿಟ್ಟವರ ಲಾಗಿನ್ 24 ಗಂಟೆಯೊಳಗೆ ರದ್ದು, ತಿಂಗಳಿಗೊಮ್ಮೆ ಯಾರ್‍ಯಾರಿಗೆ ಲಾಗಿನ್ ಇದೆ ಅನ್ನೋ ಪಟ್ಟಿ ನಿಮಗೆ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಟ್ರಾನ್ಸ್‌ಪೋರ್ಟ್‌ಗೆ ಲೋಡ್ ದಾಟಿಸುವಂತಿಲ್ಲ. ಪಾಲುದಾರರ ಪಾಲುದಾರ ಯಾರು ಅಂತ ಗೊತ್ತಿಲ್ಲದಿದ್ರೆ ಮೇಲಿನ ಗೇಟ್ ನಿಯಮಗಳಿಗೆ ಅರ್ಥ ಇಲ್ಲ. ಒಪ್ಪಂದ ಮುಗಿದ 30 ದಿನದಲ್ಲಿ ನಿಮ್ಮ ಡೇಟಾ ಅಳಿಸಿ ಲಿಖಿತ ದೃಢೀಕರಣ.

ಡೀಲರ್ ಪಟ್ಟಿ ಅವರ ಕೈಲಿ ಸೋರಿದ್ರೂ ಹೊಣೆ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಡೇಟಾ ಯಾರದ್ದೋ ಸಂಸ್ಕರಣೆಗೆ ಕೊಟ್ಟರೂ ಜವಾಬ್ದಾರಿ ಮೂಲ ಸಂಸ್ಥೆಯ ಮೇಲೆ ಉಳಿಯುತ್ತೆ. ಸುರಕ್ಷತಾ ಲೋಪಕ್ಕೆ ದಂಡದ ಮೇಲ್ಮಿತಿ ₹250 ಕೋಟಿ. ನಿಮ್ಮಂಥವರಿಗೆ ಅಷ್ಟು ಹಾಕ್ತಾರೆ ಅಂತಲ್ಲ, ಪಟ್ಟಿ ಚಿಕ್ಕದಾದಷ್ಟೂ ತಲೆನೋವು ಚಿಕ್ಕದು.

ಅತಿ ಮುಖ್ಯ ಷರತ್ತು ಇದು, ಬಹಳ ಜನ ಬಿಡ್ತಾರೆ: ಅವರ ಸಾಫ್ಟ್‌ವೇರ್ ನಿಂತರೂ ನಿಮ್ಮ ಸಹಿ, ಸೀಲಿನ ಗೇಟ್ ಪಾಸ್ ಮೇಲೆ ಮಾಲು ಬಿಡಬೇಕು, "ಸಿಸ್ಟಮ್ ಡೌನ್" ಅನ್ನೋ ಕಾರಣಕ್ಕೆ ತಡೆಹಿಡಿಯುವಂತಿಲ್ಲ. ಮೂರು ಪ್ರತಿಯ ಗೇಟ್ ಪಾಸ್ ಪುಸ್ತಕ ಅಚ್ಚು ಹಾಕಿಸಿ ಈಗಲೇ ಅಲ್ಲಿಡಿ. ಒಂದು ಗೇಟಿಗೆ, ಒಂದು ಡ್ರೈವರ್‌ಗೆ, ಒಂದು ನಿಮಗೆ. ಪ್ರತಿ ಪಾಸ್‌ನಲ್ಲಿ ಇನ್‌ವಾಯ್ಸ್ ನಂಬರ್, ಇ-ವೇ ಬಿಲ್ ನಂಬರ್, ರ‍್ಯಾಕ್, ಬ್ಯಾಚ್ ಬರೀಲೇಬೇಕು, ಇಲ್ಲಾಂದ್ರೆ ಸಿಸ್ಟಮ್ ವಾಪಸ್ ಬಂದ ದಿನ ಎರಡೆರಡು ಸಲ ಎಂಟ್ರಿ ಬಿದ್ದು ಸ್ಟಾಕ್ ಕಲಸುಮೇಲೋಗರ ಆಗುತ್ತೆ. ಬಿಲ್ ಮತ್ತು ಪಾರ್ಟ್-ಎ ನಿಮ್ಮ ಆಫೀಸಲ್ಲೇ ಆಗ್ತಿದ್ರೆ ಆ ದಿನವೂ ಅದು ನಿಲ್ಲಲ್ಲ. ಮೂರು ತಿಂಗಳಿಗೊಮ್ಮೆ ಅರ್ಧ ದಿನ ಅವರ ಸಾಫ್ಟ್‌ವೇರ್ ಮುಟ್ಟದೆ ಹತ್ತು ಆರ್ಡರ್ ಕಳಿಸಿ ನೋಡಿ. ಮೊದಲ ಸಲ ರ‍್ಯಾಕ್ ಮೇಲಿನ ಚೀಟಿ ಕಿತ್ತುಹೋಗಿರೋದೇ ಸಮಸ್ಯೆ ಅಂತ ಕಾಣಬಹುದು, ಅದು ಹಬ್ಬದ ವಾರದಲ್ಲಿ ಗೊತ್ತಾಗೋದಕ್ಕಿಂತ ವಾಸಿ.

---

ಹರಿಹರ_ಲೋಡ್

ಎಲ್ಲಾ ಹೇಳಿದ್ದು ಸರಿ, ಆದರೆ ಒಂದೇ ಸಲ ಇಷ್ಟೂ ಹೇರಿದ್ರೆ ಗೋಡೌನ್ ಹುಡುಗರು ಎರಡನೇ ವಾರಕ್ಕೆ ಅಡ್ಡದಾರಿ ಹುಡುಕ್ತಾರೆ. ಕೋಡ್ ಕೇಳೋದು ತಡ ಆಗುತ್ತೆ ಅಂತ ಹತ್ತು ಲೋಡಿನ ಕೋಡ್ ಬೆಳಗ್ಗೆನೇ ಒಂದು ಚೀಟೀಲಿ ಬರೆದಿಟ್ಕೊಳ್ತಾರೆ. ನನ್ನ ಪ್ರಕಾರ ಮೊದಲ ದಿನದಿಂದ ನಾಲ್ಕು ಸಾಕು: ಮುಖ್ಯ ಲಾಗಿನ್ ಕೊಡಬೇಡಿ, ಎನಿಡೆಸ್ಕ್ ಕೊಡಬೇಡಿ, ರಾತ್ರಿ ರ‍್ಯಾಕ್ ಪಟ್ಟಿ ತರಿಸಿ, ಖಾತೆ ಬದಲಾವಣೆಗೆ ಹಳೇ ನಂಬರ್‌ಗೆ ಫೋನ್. ವೈಫೈ ಭಾಗ ಮಾಡೋದು, ಟ್ರ್ಯಾಕಿಂಗ್ ಲಿಂಕ್ ಎಲ್ಲಾ ಅವರಿಗೆ ಮೂರು ತಿಂಗಳ ಗಡುವು ಕೊಟ್ಟು ಮಾಡಿಸಿ. ಗೇಟ್ ಕೋಡ್‌ನ ₹5 ಲಕ್ಷ ಮೇಲಿನ ಲೋಡಿಗೆ ಮಾತ್ರ ಇಡಿ.

---

ಕೋಟೆನಾಡು_ನೆಟ್‌ವರ್ಕ್ (ಚಿತ್ರದುರ್ಗ)

ಹರಿಹರದವರ ಮಾತು ಒಪ್ತೀನಿ, ಒಂದು ಬಿಟ್ಟು: ಬ್ಯಾಕಪ್ ಪರೀಕ್ಷೆ ಸಹಿಗೆ ಮುಂಚೆಯೇ ಆಗಬೇಕು, ಸಹಿ ಆದ ಮೇಲೆ ಯಾರೂ ತೋರಿಸಲ್ಲ.

ಇನ್ನೊಂದು, ನಿಮ್ಮ ಫಾರ್ಮ್ಯಾಟ್ ಹುಡುಗನಿಗೆ ಈಗಲೇ ಹೇಳಿಡಿ. ಫೈಲ್ ಹೆಸರುಗಳೆಲ್ಲ ವಿಚಿತ್ರವಾಗಿ ಬದಲಾಗಿ ದುಡ್ಡು ಕೇಳೋ ಚೀಟಿ ಸ್ಕ್ರೀನ್ ಮೇಲೆ ಬಂದ್ರೆ ಮೊದಲು ನೆಟ್‌ವರ್ಕ್ ವೈರ್ ಕೀಳಬೇಕು, ವೈಫೈ ಆಫ್ ಮಾಡಬೇಕು. ಕಂಪ್ಯೂಟರ್ ಆರಿಸಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಯಾರು ಎಲ್ಲಿಂದ ಬಂದರು ಅನ್ನೋ ಕುರುಹು ಅದರಲ್ಲೇ ಇರುತ್ತೆ. ಸ್ಕ್ರೀನ್ ಫೋಟೋ ತೆಗೆದು, ಬೇರೆ ಶುದ್ಧ ಫೋನಿಂದ ಮೇಲ್, ಬ್ಯಾಂಕ್, ಇ-ವೇ ಪಾಸ್‌ವರ್ಡ್ ಬದಲಿಸಿ, ಸಬ್-ಯೂಸರ್ ಎಲ್ಲಾ ಫ್ರೀಜ್. ದೂರು ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ, ಜೊತೆಗೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ.

---

ಪಿಬಿ_ರೋಡ್_ವರ್ತಕ (ದಾವಣಗೆರೆ)

ಸರಿ ಸರ್, ನಾಲ್ಕರಿಂದ ಶುರು ಮಾಡ್ತೀವಿ. ಒಂದು ಚಿಕ್ಕ ಪ್ರಶ್ನೆ: ಓಟಿಪಿ ಬರೋ ಫೋನ್ ಗುಂಪಲ್ಲಿ ಇರಬಾರದು ಅಂದ್ರಲ್ಲ, ಬಿಲ್ಲಿಂಗ್ ಹುಡುಗಿ ಹತ್ತಿರ ಇರೋದು ಒಂದೇ ಫೋನ್. ಅದಕ್ಕಂತ ಇನ್ನೊಂದು ಸ್ಮಾರ್ಟ್‌ಫೋನ್ ತರಬೇಕಾ?

---

ಲೆಕ್ಕದ_ಮೇಜು

ಬೇಡ. ಒಂದು ಕೀಪ್ಯಾಡ್ ಫೋನ್ ತಗೊಳ್ಳಿ, ಹೊಸ ಸಿಮ್ ಸಂಸ್ಥೆಯ ಹೆಸರಲ್ಲೇ ಇರಲಿ, ಅವರ ಸಬ್-ಯೂಸರ್‌ಗೆ ಆ ನಂಬರ್ ಕೊಡಿ. ಓಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತೆ, ಎಪಿಕೆ ಹಾವಳಿ ಅದಕ್ಕೆ ತಾಗಲ್ಲ. ಬಿಲ್ಲಿಂಗ್ ಮೇಜಿನ ಡ್ರಾನಲ್ಲಿ ಇರಲಿ, ಸಂಜೆ ಬೀಗ. ರೀಚಾರ್ಜ್ ತಾರೀಖು ಮಾತ್ರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ, ಪ್ಯಾಕ್ ಮುಗಿದ್ರೆ ಎಸ್‌ಎಂಎಸ್ ಬರೋದು ನಿಂತು ಲಾರಿ ಗೇಟಲ್ಲೇ ನಿಲ್ಲುತ್ತೆ.